ಶಾಲೆಗೊಬ್ಬ ನಾಟಕದ ಗುರು: ಪೆರ್ಡೂರಿನ ಬಂಧುಗಳಲ್ಲಿ ಒಂದು ಮನವಿ

ಪೆರ್ಡೂರು ಎಂದರೆ ಪರವೂರಿನವರಿಗೆ ಮೊದಲು ನೆನಪಾಗುವುದು ಅನಂತಪದ್ಮನಾಭ ದೇವರು, ಅದರ ಬೆನ್ನಿಗೇ ಮೇಳ. ಬಡಗುತಿಟ್ಟಿನ ಆಟ ನೋಡುವ ಅಭ್ಯಾಸವಿದ್ದವರಲ್ಲಿ ಪೆರ್ಡೂರು ಮೇಳದ ಹೆಸರು ಕೇಳದವರು ಸಿಗಲಿಕ್ಕಿಲ್ಲ. ಘಟ್ಟದ ಮೇಲಿನ ಊರುಗಳಿಗೆ ನಮ್ಮ ಊರಿನ ಹೆಸರನ್ನು ತಲುಪಿಸಿದ್ದು ಒಂದು ರಂಗಕಲೆ. ಇಂಥ ಊರಿನಲ್ಲಿ, ಮತ್ತು ಇಲ್ಲಿಂದ ಹಿರಿಯಡ್ಕ, ಮಣಿಪಾಲ, ಉಡುಪಿಯವರೆಗಿನ ಊರುಗಳಲ್ಲಿ, ಶಾಲೆಯ ಮಕ್ಕಳಿಗೆ ನಾಟಕವನ್ನೋ ಯಕ್ಷಗಾನವನ್ನೋ ಕಲಿಸುವ ಗುರುಗಳಿಗೆ ನಾವು ಕೊಟ್ಟಿರುವ ಸ್ಥಾನ ಯಾವುದು? ವಾರ್ಷಿಕೋತ್ಸವಕ್ಕೆ ತಿಂಗಳೋ ಒಂದೂವರೆ ತಿಂಗಳೋ ಇದೆ ಎನ್ನುವಾಗ ಅವರಿಗೆ ಫೋನು ಹೋಗುತ್ತದೆ. ಸಂಜೆ ಗಂಟೆ ಬಾರಿಸಿದ ಮೇಲೆ ಅವರು ಶಾಲೆಯ ಜಗಲಿಯಲ್ಲಿ ಹೆಜ್ಜೆ, ಮಾತು ಕಲಿಸುತ್ತಾರೆ. ಸ್ಕೂಲ್ ಡೇ ರಾತ್ರಿ ಒಂದು ಶಾಲು, ಒಂದು ಕವರು. ಮಾರನೆಯ ದಿನದಿಂದ ಶಾಲೆಗೂ ಅವರಿಗೂ ಸಂಬಂಧವಿಲ್ಲ. ಹೆಚ್ಚಿನ ಕಡೆ ನಡೆದುಬಂದಿರುವ ಕ್ರಮ ಇದು. ಇದನ್ನು ಬದಲಿಸಬೇಕು, ಈ ಗುರುಗಳನ್ನು ಗಣಿತ, ವಿಜ್ಞಾನದ ಅಧ್ಯಾಪಕರಂತೆಯೇ ವರ್ಷವಿಡೀ ಶಾಲೆಯೊಳಗೆ ಇರಿಸಿಕೊಳ್ಳಬೇಕು ಎಂಬುದು ನನ್ನ ಮನವಿ.

ವರ್ಷವಿಡೀ ಯಾಕೆ ಎಂದರೆ, ಅವರ ಕೆಲಸದ ಬೆಲೆಯಿರುವುದು ಪ್ರದರ್ಶನದ ರಾತ್ರಿಯಲ್ಲಲ್ಲ, ಅದಕ್ಕೆ ಮುಂಚಿನ ತಿಂಗಳುಗಳಲ್ಲಿ. ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಮನೆಯಲ್ಲಿ ಆಡುವುದು ತುಳುವನ್ನೋ ಕೊಂಕಣಿಯನ್ನೋ ಕುಂದಗನ್ನಡವನ್ನೋ. ಪುಸ್ತಕದ ಕನ್ನಡವನ್ನು ಅವರು ಓದುತ್ತಾರೆ, ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಹತ್ತು ಜನರ ಎದುರು ಎದ್ದು ನಿಂತು ಅದೇ ಭಾಷೆಯಲ್ಲಿ ವಾದ ಮಾಡು, ಸಮಾಧಾನ ಹೇಳು, ಸಿಟ್ಟಾಗು ಎಂದರೆ ನಾಲಗೆ ಏಳುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಮಕ್ಕಳ ಕಷ್ಟ ಇದಕ್ಕಿಂತ ಒಂದು ಪಾಲು ಹೆಚ್ಚೇ. ನಾಟಕದ ಗುರು ಕೈಹಾಕುವುದು ಸರಿಯಾಗಿ ಇಲ್ಲಿಗೆ. ಯಕ್ಷಗಾನದ ಅರ್ಥಗಾರಿಕೆಯನ್ನೇ ನೋಡಿ. ಮೊದಲ ವರ್ಷದ ಮಕ್ಕಳಿಗೆ ಗುರುಗಳು ಮಾತನ್ನು ಬರೆದು ಕೊಡುತ್ತಾರೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಈ ಕಲೆಯಲ್ಲಿ ಮಾತು ಮೂಲತಃ ಬರೆದಿಟ್ಟದ್ದಲ್ಲ. ಪದ್ಯದ ಭಾವವನ್ನು ಹಿಡಿದು ರಂಗದ ಮೇಲೆಯೇ ಕಟ್ಟುವಂಥದ್ದು. ಎದುರಿನ ವೇಷ ಏನು ಹೇಳಿತು ಎಂದು ಕಿವಿಗೊಟ್ಟು ಕೇಳದಿದ್ದರೆ ಉತ್ತರ ಹೊಳೆಯುವುದಿಲ್ಲ. ಬರೆದ ಮಾತಿನಿಂದ ಬಿಡಿಸಿಕೊಂಡು ತನ್ನದೇ ಎರಡು ವಾಕ್ಯ ಸೇರಿಸುವಷ್ಟು ಧೈರ್ಯ ಒಂದು ಮಗುವಿಗೆ ಬರಲು ಎರಡು ವರ್ಷ ಬೇಕಾಗಬಹುದು, ಮೂರೂ ಆಗಬಹುದು. ಯಾವ ಮಗುವನ್ನು ಈ ವರ್ಷ ಬಾಲಗೋಪಾಲ ವೇಷದಲ್ಲಿ ನಿಲ್ಲಿಸಿ ಮುಂದಿನ ವರ್ಷ ಅಭಿಮನ್ಯು ಮಾಡಬೇಕು, ಯಾರಿಗೆ ಮಾತು ಕಡಿಮೆ ಮಾಡಿ ಕುಣಿತ ಹೆಚ್ಚು ಕೊಡಬೇಕು, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವವಳ ಕಂಠದಲ್ಲಿ ಏನಿದೆ ಎಂಬುದು ಮಕ್ಕಳನ್ನು ಹತ್ತಿರದಿಂದ ಬಲ್ಲವರಿಗಷ್ಟೇ ತಿಳಿಯುತ್ತದೆ. ಒಂದು ತಿಂಗಳಲ್ಲಿ ಪ್ರಸಂಗ ತಯಾರಾಗಬಹುದು, ಮಗು ತಯಾರಾಗುವುದಿಲ್ಲ. ಅವಸರಕ್ಕೆ ಕರೆಸಿದ ಗುರು ಆಗಲೇ ಚೂಟಿಯಾಗಿರುವ ಎಂಟು ಹತ್ತು ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಅವರಿಗೆ ಬೇರೆ ದಾರಿಯೂ ಇಲ್ಲ. ಯಾರಿಗೆ ನಾಟಕ ಹೆಚ್ಚು ಬೇಕಿತ್ತೋ ಆ ಮಗು ಪ್ರೇಕ್ಷಕರ ಸಾಲಿನಲ್ಲೇ ಉಳಿಯುತ್ತದೆ.

ಇದು ಬರಿಯ ಅಭಿಮಾನದ ಮಾತಲ್ಲ. ತರಗತಿಯಲ್ಲಿ ಕತೆಯನ್ನು ಅಭಿನಯಿಸಿ ಕಲಿಯುವುದರಿಂದ ಏನಾಗುತ್ತದೆ ಎಂದು ನೋಡಿದ 80 ಅಧ್ಯಯನಗಳನ್ನು ಒಟ್ಟಿಗಿಟ್ಟು ಅಮೆರಿಕದ ಆ್ಯನ್ ಪೊಡ್ಲೊಜ್ನಿ 2000ದಲ್ಲಿ ಒಂದು ಪರಿಶೀಲನೆ ಪ್ರಕಟಿಸಿದರು. ಅಭಿನಯಿಸಿದ ಮಕ್ಕಳಲ್ಲಿ ಭಾಷಾಶಕ್ತಿ, ಓದಿದ್ದನ್ನು ಗ್ರಹಿಸುವ ಶಕ್ತಿ ಬೆಳೆದದ್ದು ಕಂಡಿತು. ಅಭಿನಯಿಸಿದ ಕತೆಗಷ್ಟೇ ಅದು ಸೀಮಿತವಾಗಲಿಲ್ಲ, ಹೊಸದಾಗಿ ಓದಿದ ಪಾಠಗಳಿಗೂ ಹರಿಯಿತು. ಕೆನಡಾದ ಗ್ಲೆನ್ ಶೆಲೆನ್‌ಬರ್ಗ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲದ್ದು. ಆರು ವರ್ಷದ 144 ಮಕ್ಕಳನ್ನು ನಾಲ್ಕು ಗುಂಪು ಮಾಡಿ ಎರಡಕ್ಕೆ ಸಂಗೀತ, ಒಂದಕ್ಕೆ ನಾಟಕ ಕಲಿಸಿ, ಇನ್ನೊಂದಕ್ಕೆ ಏನನ್ನೂ ಕಲಿಸದೆ ಹೋಲಿಸಿ ನೋಡಿದರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸಂಗೀತದ ಮಕ್ಕಳು ತುಸು ಮುಂದೆ ಹೋದರು, ನಾಟಕದ ಮಕ್ಕಳು ಹೋಗಲಿಲ್ಲ. ಆದರೆ ಇತರರೊಡನೆ ಹೊಂದಿಕೊಂಡು ನಡೆಯುವ ಗುಣ ಬೆಳೆದದ್ದು ನಾಟಕದ ಗುಂಪಿನಲ್ಲಿ, ಸಂಗೀತದವರಲ್ಲಿ ಅದು ಕಾಣಲಿಲ್ಲ. ನಾಟಕ ಎಲ್ಲವನ್ನೂ ಕೊಡುತ್ತದೆ ಎಂದು ನಾನು ಹೇಳಲಾರೆ. ಆದರೆ ಅದು ಕೊಡುವುದನ್ನು ಟೈಮ್‌ಟೇಬಲ್ಲಿನ ಉಳಿದ ವಿಷಯಗಳು ಸುಲಭವಾಗಿ ಕೊಡಲಾರವು. ಇನ್ನೊಂದನ್ನು ಗಮನಿಸಿ: ಆ ಪಾಠ ನಡೆದದ್ದು 36 ವಾರ, ಅಂದರೆ ಹೆಚ್ಚುಕಡಿಮೆ ಒಂದು ಶಾಲಾ ವರ್ಷ.

ಅಂಕ ಕಡಿಮೆಯಾದೀತು ಎಂಬ ಹೆದರಿಕೆ ತಂದೆತಾಯಿಯರಲ್ಲಿ ದೊಡ್ಡದು. ಒಂಬತ್ತು, ಹತ್ತನೇ ತರಗತಿಯಲ್ಲಂತೂ ಸಂಜೆಯ ಒಂದು ಗಂಟೆಯೂ ಟ್ಯೂಷನ್ನಿಗೆ ಮೀಸಲು. ಈ ಹೆದರಿಕೆಯನ್ನು ಹಗುರವಾಗಿ ಕಾಣುವಂತಿಲ್ಲ, ಮಕ್ಕಳ ಮುಂದಿನ ದಾರಿಯ ಪ್ರಶ್ನೆ ಅದು. ಆದರೆ ನಮ್ಮ ಜಿಲ್ಲೆಯೇ ಉತ್ತರ ಕೊಟ್ಟಿದೆ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಹದಿನೈದು ವರ್ಷಗಳಿಗೂ ಮೀರಿ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತ ಬಂದಿದೆ. ಅಲ್ಲಿ ಕಲಿತವರ ಕಿಶೋರ ಯಕ್ಷಗಾನ ಪ್ರದರ್ಶನಗಳು ಪ್ರತಿವರ್ಷ ದಿನಗಟ್ಟಲೆ ನಡೆಯುತ್ತವೆ. ಇಷ್ಟು ಮಕ್ಕಳು ಗೆಜ್ಜೆ ಕಟ್ಟಿದ ಇದೇ ಉಡುಪಿ ಜಿಲ್ಲೆ 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 94 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲನೆಯದಾಯಿತು. ಕುಣಿದದ್ದರಿಂದ ಅಂಕ ಬಂತು ಎಂದು ವಾದಿಸಿದರೆ ಅದು ಅಪ್ರಾಮಾಣಿಕವಾದೀತು. ಕುಣಿದದ್ದರಿಂದ ಅಂಕ ಹೋಯಿತು ಎನ್ನುವುದಕ್ಕೆ ಆಧಾರವಿಲ್ಲ ಎಂದಷ್ಟೇ ಹೇಳಬಲ್ಲೆ, ಈ ಹೆದರಿಕೆಗೆ ಅಷ್ಟು ಸಾಕು.

ನಮ್ಮಲ್ಲಿ ಯಕ್ಷಗಾನ ಇರುವಾಗ ಶಾಲೆಗೆ ಬೇರೆ ಯಾಕೆ, ಆಟ ನೋಡಿಯೇ ಮಕ್ಕಳು ಕಲಿಯಲಿ ಎನ್ನುವವರೂ ಇದ್ದಾರೆ. ಹಿಂದೆ ಹಾಗೆ ಕಲಿತವರಿದ್ದರು, ನಿಜ. ಆದರೆ ರಾತ್ರಿಯಿಡೀ ಕೂತು ನೋಡುವ ಕಾಲ ಈಗಿನ ಮಕ್ಕಳಿಗಿಲ್ಲ, ಅನೇಕ ಆಟಗಳೇ ಕಾಲಮಿತಿಗೆ ಇಳಿದಿವೆ. ಅದಕ್ಕಿಂತ ದೊಡ್ಡ ಕಾರಣ, ಹಾಗೆ ಕಲಿಯುವ ದಾರಿ ಎಲ್ಲರಿಗೂ ತೆರೆದಿರಲಿಲ್ಲ. ಮೇಳದ ಚೌಕಿ ತಲೆಮಾರುಗಳಿಂದ ಗಂಡಸರದ್ದು. ಹೆಣ್ಣುಮಕ್ಕಳು ಇಷ್ಟೊಂದು ಸಂಖ್ಯೆಯಲ್ಲಿ ಕಿರೀಟ ಹೊತ್ತು ರಂಗಕ್ಕೆ ಬರುವಂತಾದದ್ದರಲ್ಲಿ ಶಾಲೆಗಳಿಗೆ ಹೋಗಿ ಕಲಿಸಿದ ಗುರುಗಳ ಪಾಲು ಬಹಳ ದೊಡ್ಡದು. ಯಾವ ಮನೆಯ, ಯಾವ ಮತದ ಮಗುವೇ ಆಗಲಿ ಬಂದು ನಿಲ್ಲಬಹುದಾದ ಗರಡಿ ಸರಕಾರಿ ಶಾಲೆಯ ಜಗಲಿ ಮಾತ್ರ. ಕಲಿಸಲು ಬೇಕಾದದ್ದಕ್ಕೂ ನಮ್ಮಲ್ಲಿ ಕೊರತೆಯಿಲ್ಲ. ಮಕ್ಕಳ ಯಕ್ಷಗಾನವೆಂಬುದು ಕಾರ್ಕಡ ಶ್ರೀನಿವಾಸ ಉಡುಪ, ಎಚ್. ಶ್ರೀಧರ ಹಂದೆಯವರು 1970ರ ದಶಕದಲ್ಲಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳದಿಂದ ಒಂದು ಗಂಭೀರ ಕೆಲಸವಾಗಿ ಬೆಳೆದುಬಂದಿದೆ. 1971ರಲ್ಲಿ ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಹುಟ್ಟಿದ ಯಕ್ಷಗಾನ ಕೇಂದ್ರ ಗುರುಗಳನ್ನು ತಯಾರು ಮಾಡಿದೆ. ಇತ್ತ ಮಕ್ಕಳ ನಾಟಕಕ್ಕೂ ಬಡತನವಿಲ್ಲ. ಮಣಿಪಾಲದಲ್ಲಿರುವ ವೈದೇಹಿಯವರು ಧಾಂ ಧೂಂ ಸುಂಟರಗಾಳಿ, ನಾಯಿಮರಿ ನಾಟಕ ಮುಂತಾಗಿ ಮಕ್ಕಳಿಗೆಂದೇ ಸಾಲು ನಾಟಕಗಳನ್ನು ಬರೆದುಕೊಟ್ಟಿದ್ದಾರೆ. ಕೃತಿ ಇದೆ, ಪರಂಪರೆ ಇದೆ. ಅವುಗಳನ್ನು ಮಗುವಿನ ಕೈಗೆ ದಾಟಿಸುವವರಿಗೆ ಮಾತ್ರ ಶಾಲೆಯಲ್ಲಿ ಕುರ್ಚಿ ಇಲ್ಲ.

ಕನ್ನಡ ಪಂಡಿತರೋ ಡ್ರಾಯಿಂಗ್ ಮಾಷ್ಟ್ರೋ ನಾಟಕ ಮಾಡಿಸುತ್ತಾರಲ್ಲ ಎಂಬ ಮಾತು ಅವರ ಮೇಲಿನ ಪ್ರೀತಿಯಿಂದಲೇ ಬರುತ್ತದೆ. ಎಷ್ಟೋ ಶಾಲೆಗಳಲ್ಲಿ ರಂಗಭೂಮಿ ಬದುಕಿದ್ದೇ ಇಂಥವರಿಂದ. ಆದರೆ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ, ತರಬೇತಿಗಳ ನಡುವೆ ಅವರಿಗೆ ಉಳಿಯುವ ಹೊತ್ತೆಷ್ಟು? ಪ್ರತಿಭಾ ಕಾರಂಜಿಗೆ ತಂಡ ಕಳುಹಿಸಲೇಬೇಕು ಎಂದಾಗ ಹದಿನೈದು ದಿನ ಓಡಾಡಿ ಮುಗಿಸುತ್ತಾರೆ. ಇತ್ತ ಹೆಗ್ಗೋಡಿನ ನೀನಾಸಂ 1980ರಿಂದ ಪ್ರತಿವರ್ಷ ರಂಗಶಿಕ್ಷಣ ಪಡೆದ ಯುವಕ ಯುವತಿಯರನ್ನು ಹೊರತರುತ್ತಿದೆ. ಅವರಂಥ ಕೆಲವರನ್ನು ಸರಕಾರ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರೆಂದು ನೇಮಿಸಿಕೊಂಡದ್ದೂ ಉಂಟು, ಆದರೆ ಬೆರಳೆಣಿಕೆಯಷ್ಟು. ಕಲಿತವರು ಕೆಲಸವಿಲ್ಲದೆ ಅಲೆಯುವುದು, ಕಲಿಸಬೇಕಾದ ಶಾಲೆಗಳು ಖಾಲಿ ಇರುವುದು ಒಂದೇ ಕಾಲದಲ್ಲಿ ನಡೆದಿದೆ.

ಹಣದ ಪ್ರಶ್ನೆ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲೇ ಇದೆ: ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಕಲೆಗಳ ಸಾಲಿನಲ್ಲಿ ರಂಗಕಲೆಯನ್ನೂ ಇಟ್ಟು ಹತ್ತನೇ ತರಗತಿಯವರೆಗೆ ಕಡ್ಡಾಯವಾಗಿ ಕಲಿಸಿ ಎಂದಿತು. ಇವನ್ನು ಹಿಡಿದು ಸರಕಾರವನ್ನು ಕೇಳುವ ಹಕ್ಕು ನಮಗಿದೆ, ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಕೇಳಬೇಕು. ಆದರೆ ಹಳ್ಳಿಯ ಅನೇಕ ಶಾಲೆಗಳಲ್ಲಿ ನೂರು ಮಕ್ಕಳೇ ಇಲ್ಲ, ಕಾಯಿದೆಯ ಈ ಅಂಶ ಅವಕ್ಕೆ ತಾಗುವುದಿಲ್ಲ. ಆದೇಶ ಬರುವ ತನಕ ಕಾದರೆ ಈಗ ಐದನೆಯಲ್ಲಿರುವ ಮಗು ಶಾಲೆ ಮುಗಿಸಿ ಹೋಗಿರುತ್ತದೆ. ವಾರ್ಷಿಕೋತ್ಸವದ ಒಂದು ರಾತ್ರಿಗೆ ಶಾಮಿಯಾನ, ಮೈಕು, ಲೈಟಿಂಗ್, ವೇಷಭೂಷಣದ ಬಾಡಿಗೆ, ಊಟ ಎಂದು ಹಳೆ ವಿದ್ಯಾರ್ಥಿ ಸಂಘ, ಯುವಕ ಮಂಡಲ, ಮುಂಬಯಿಯ ದಾನಿಗಳು ಸೇರಿ ಒಟ್ಟುಗೂಡಿಸುವ ಮೊತ್ತ ಸಣ್ಣದಲ್ಲ. ಕೊಡುವ ಮನಸ್ಸು ನಮ್ಮ ಊರಿನವರಿಗೆ ಧಾರಾಳವಾಗಿದೆ. ಆ ರಾತ್ರಿಯ ಅಲಂಕಾರದಿಂದ ಒಂದು ಪಾಲು ತೆಗೆದು ವರ್ಷದ ಪಾಠಕ್ಕೆ ಇಡಿ ಎಂದಷ್ಟೇ ಕೇಳುತ್ತಿದ್ದೇನೆ. ಒಂದೇ ಶಾಲೆಗೆ ಭಾರವಾದರೆ ಪೆರ್ಡೂರು, ಭೈರಂಪಳ್ಳಿ, ಕುಕ್ಕೆಹಳ್ಳಿ, ಹಿರಿಯಡ್ಕದ ಶಾಲೆಗಳು ಸೇರಿ ಒಬ್ಬ ಗುರುವನ್ನು ಹಂಚಿಕೊಳ್ಳಬಹುದು, ವಾರಕ್ಕೊಂದು ದಿನ ಒಂದೊಂದು ಶಾಲೆ. ದಾನಿಗಳು ವೇಷಭೂಷಣಕ್ಕೆಂದು ಕೊಡುವುದನ್ನೇ ಗುರುವಿನ ಸಂಬಳಕ್ಕೆಂದು ಬರೆದು ಕೊಡಬಹುದು. ತಿಂಗಳಿಗೆ ಸರಿಯಾಗಿ ಕೈಸೇರುವ ಸಂಬಳ, ಟೈಮ್‌ಟೇಬಲ್ಲಿನಲ್ಲಿ ಅವರ ಹೆಸರಿನ ಪೀರಿಯಡ್, ಶಿಕ್ಷಕರ ಕೊಠಡಿಯಲ್ಲಿ ಕೂರಲು ಜಾಗ, ಹೆತ್ತವರ ಸಭೆಗೆ ಕರೆ: ಇಷ್ಟಾದರೆ ಅವರು ಊರಿನ ಅಧ್ಯಾಪಕರಾಗುತ್ತಾರೆ.

ಎಸ್‌ಡಿಎಂಸಿ ಸದಸ್ಯರೇ, ಹೆತ್ತವರೇ, ದೇವಸ್ಥಾನ ಮತ್ತು ಸಂಘಸಂಸ್ಥೆಗಳ ಹಿರಿಯರೇ, ಈ ಚರ್ಚೆ ನವೆಂಬರಿನಲ್ಲಿ ವಾರ್ಷಿಕೋತ್ಸವದ ದಿನ ಗೊತ್ತುಮಾಡುವ ಸಭೆಗೆ ಬಂದರೆ ಪ್ರಯೋಜನವಿಲ್ಲ. ಜೂನ್ ತಿಂಗಳಲ್ಲಿ, ಮಕ್ಕಳಿಗೆ ಪುಸ್ತಕ, ಸಮವಸ್ತ್ರ ಹಂಚುವ ಹೊತ್ತಿನ ಮೊದಲ ಸಭೆಯಲ್ಲೇ ಎತ್ತಿಕೊಳ್ಳಿ. ನಾಟಕದ ಗುರುವಿಗೆ ವರ್ಷಕ್ಕೆ ಎಷ್ಟು ಬೇಕು, ಅದರಲ್ಲಿ ಯಾರ ಪಾಲು ಎಷ್ಟು ಎಂಬ ಲೆಕ್ಕ ಅಂದೇ ಪುಸ್ತಕಕ್ಕೆ ಏರಲಿ.