ಕವಾಯತು ಮತ್ತು ಸೈನಿಕ ಶಿಸ್ತು

ಪರೀಕ್ಷೆ ಸಮೀಪಿಸಿದೊಡನೆ ಶಾಲೆಗಳಲ್ಲಿ ಮೊದಲು ಬಲಿಯಾಗುವುದು ಕವಾಯತಿನ ತಾಸು. ಅತ್ತಿವೇರಿಯಂಥ ಊರುಗಳ ಮಕ್ಕಳು ಹೊಲ ಕಾಡುಗಳಲ್ಲಿ ನಡೆದು ಬೆಳೆದವರು, ಅವರಿಗೆ ಹೆಜ್ಜೆ ಹಾಕಲು ಕಲಿಸಬೇಕೆ ಎಂದು ಕೇಳುವವರುಂಟು. ನಡೆಯುವುದು ಬೇರೆ, ಒಡನೆ ನಡೆಯುವುದು ಬೇರೆ. ಛಂದಸ್ಸನ್ನು ಓದಿದವರು ಇದನ್ನು ಬಲ್ಲರು: ಮಾತ್ರೆ ತಪ್ಪಿದರೆ ಪದಗಳೆಷ್ಟು ಸೊಗಸಾಗಿದ್ದರೂ ಪದ್ಯ ಕುಂಟುತ್ತದೆ.

ಮಶೀನ್‌ಗನ್ ಬಂದ ಬಳಿಕ ಸಾಲುಗಟ್ಟಿ ಶತ್ರುವಿನತ್ತ ನಡೆಯುವ ಸೇನೆಗಳಿಲ್ಲ. ಆದರೂ ಸೇನೆಗಳು ಕವಾಯತನ್ನು ಬಿಟ್ಟಿಲ್ಲ. ಭಯವು ಬುದ್ಧಿಯನ್ನು ಕವಿದಾಗ ಅಭ್ಯಾಸಗೊಂಡ ದೇಹವು ಆಜ್ಞೆಯನ್ನು ಪಾಲಿಸುತ್ತದೆ, ನಿಲ್ಲೆಂದಲ್ಲಿ ನಿಲ್ಲುತ್ತದೆ.

ಈ ಗುಣ ರಣರಂಗಕ್ಕಷ್ಟೇ ಮೀಸಲಲ್ಲವೆಂದು ಅರಿತವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ಥಾನಿ ಸೇವಾದಳಕ್ಕೆ ಅಡಿಪಾಯ ಹಾಕಿ, ಸತ್ಯಾಗ್ರಹಿಗಳಿಗೆ ಸಿಪಾಯಿಗಳ ಶಿಸ್ತನ್ನು ಕಲಿಸಿದರು. 1924ರ ಬೆಳಗಾವಿ ಅಧಿವೇಶನದಲ್ಲಿ ಅವರ ಸ್ವಯಂಸೇವಕರು ದುಡಿದರು. ಅಹಿಂಸೆಯ ಮನೆಯಲ್ಲಿ ಸೈನಿಕರ ನಡೆಯೇ ಎಂದು ಕಾಂಗ್ರೆಸ್ಸಿನಲ್ಲಿಯೇ ಕೆಲವರು ಮುನಿದರು. ಲಾಠಿಯೇಟಿಗೆ ಕೈಯೆತ್ತದೆ ನಿಲ್ಲುವವನಿಗೆ ಕಾದಾಡುವವನಿಗಿಂತ ಹೆಚ್ಚಿನ ಶಿಸ್ತು ಬೇಕೆಂಬುದು ಅವರಿಗೆ ಹೊಳೆಯಲಿಲ್ಲವೇನೋ!

ಗಣ್ಯರು ಬರುವವರೆಗೆ ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸುವುದನ್ನು ಮಾತ್ರ ನಾನು ಕವಾಯತೆನ್ನಲಾರೆ. ವಾರಕ್ಕೆರಡು ತಾಸು ಸಾಕು, ಆದರೆ ಅವು ತಪ್ಪಕೂಡದು. ದಾನಿಗಳು ವೇದಿಕೆಯ ಶೃಂಗಾರಕ್ಕೆ ಕೊಡುವುದರಲ್ಲಿ ಒಂದು ಪಾಲನ್ನು ಮೈದಾನವನ್ನು ಸಮ ಮಾಡಿಸಲು ಕೊಡಲಿ.