ಅರಳಿಕಟ್ಟೆಗೆ ಟೈಲ್ಸ್ ಹಾಕಿಸಿದ ಪುಣ್ಯವಂತರಲ್ಲಿ ನಾನೂ ಒಬ್ಬ

ಯುಗಾದಿ ಕಳೆದು ಎರಡು ವಾರಕ್ಕೆ ಊರಿಗೆ ಹೋಗಿದ್ದೆ. ಮಂಚೇನಹಳ್ಳಿಯಲ್ಲಿ ಬಸ್ಸಿಳಿದು ಸ್ವಲ್ಪ ಒಳಗೆ ಹೋದರೆ ನಮ್ಮೂರು. ಊರ ಬಾಗಿಲಲ್ಲೇ ಅರಳಿಕಟ್ಟೆ. ತೆಲುಗು ಬೆರೆಸಿ ಮಾತಾಡುವ ನಮ್ಮ ಕಡೆ ಅರ್ಧ ಊರಿಗೆ ಅದು ಅರಳಿ ಮರ, ಇನ್ನರ್ಧ ಊರಿಗೆ ರಾವಿ ಚೆಟ್ಟು. ಜೊತೆಗೆ ಒಂದು ಬೇವು, ಬುಡದಲ್ಲಿ ಏಳು ನಾಗರಕಲ್ಲು. ನಮ್ಮಜ್ಜಿ ಈ ಊರಿಗೆ ಸೊಸೆಯಾಗಿ ಬರುವ ಮುಂಚೆಯೇ ಊರವರು ಅರಳಿಗೂ ಬೇವಿಗೂ ಶಾಸ್ತ್ರೋಕ್ತವಾಗಿ ಮದುವೆ ಮಾಡಿದ್ದರಂತೆ.

ಹೋಗಿ ನೋಡ್ತೀನಿ, ಕಟ್ಟೆ ಗುರುತೇ ಸಿಗಲಿಲ್ಲ! ಕಲ್ಲು ಮಣ್ಣಿನ ಹಳೇ ಕಟ್ಟೆ ಹೋಗಿ ಎದೆಮಟ್ಟದ ಕಾಂಕ್ರೀಟ್ ಕಟ್ಟೆ. ಮೇಲೆ ಬಿಳಿ ಟೈಲ್ಸ್, ಕಾಂಡಕ್ಕೆ ತಾಗಿಕೊಂಡೇ ಸಿಮೆಂಟ್, ಒಂದು ಅಂಗುಲವೂ ಸಂದಿಲ್ಲ. ಸುತ್ತ ಸ್ಟೀಲ್ ಗ್ರಿಲ್, ನಾಗರಕಲ್ಲಿನ ಮೇಲೆ ಶೀಟು. ಶೀಟಿಗೆ ಅಡ್ಡ ಬಂದಿದ್ದ ಕೊಂಬೆ ಕಡಿದಿದ್ದಾರೆ. ಮುಂದುಗಡೆ ಕರೀ ಗ್ರಾನೈಟಿನಲ್ಲಿ ದಾನಿಗಳ ಪಟ್ಟಿ.

ಬೇವು ಪೂರ್ತಿ ಒಣಗಿದೆ. ಊರಲ್ಲಿರೋ ಬೇರೆ ಅರಳಿ ಮರಗಳೆಲ್ಲ ತಾಮ್ರದ ಬಣ್ಣದ ಚಿಗುರು ಬಿಟ್ಟು ಪಳಪಳ ಅಂತಿದ್ದರೆ, ನಮ್ಮ ಕಟ್ಟೆಯ ಅರಳಿಯ ಮೂಡಣ ದಿಕ್ಕಿನ ಎರಡು ದೊಡ್ಡ ಕೊಂಬೆ ಬೋಳು.

ಚಿಕ್ಕಪ್ಪನ್ನ ಕೇಳಿದೆ. "ವಯಸ್ಸಾಯ್ತು ಕಣಪ್ಪ ಮರಕ್ಕೆ. ಆದ್ರೆ ಕಟ್ಟೆ ನೋಡು ಎಷ್ಟು ಲಕ್ಷಣವಾಗಿದೆ" ಅಂದರು.

ಎರಡು ವರ್ಷದ ಹಿಂದೆ ಚೆನ್ನಾಗಿದ್ದ ಮರಕ್ಕೆ ಟೈಲ್ಸ್ ಹಾಕಿದ ಕೂಡಲೇ ವಯಸ್ಸಾಗಿಬಿಡ್ತಾ? ಸಿಟ್ಟು ನೆತ್ತಿಗೇರಿತು. ಯಾರ್ರೀ ಇದಕ್ಕೆ ದುಡ್ಡು ಕೊಟ್ಟ ಮಹಾನುಭಾವರು ಅಂತ ಗ್ರಾನೈಟ್ ಕಲ್ಲಿನ ಪಟ್ಟಿ ಓದುತ್ತಾ ಹೋದೆ. ಹನ್ನೊಂದನೇ ಹೆಸರು ನಂದು. ಐದು ಸಾವಿರ ರೂಪಾಯಿ.

ಆಮೇಲೆ ನೆನಪಾಯ್ತು. "ಕಟ್ಟೆ ಜೀರ್ಣೋದ್ಧಾರ ಮಾಡ್ತಿದೀವಿ, ನಿಂದೂ ಏನಾದ್ರೂ ಇರಲಿ" ಅಂತ ಊರಿಂದ ಫೋನ್ ಬಂದಿತ್ತು. ಆಫೀಸಲ್ಲಿ ಕೂತೇ ದುಡ್ಡು ಕಳಿಸಿ ಪುಣ್ಯ ಕಟ್ಕೊಂಡೆ ಅಂದುಕೊಂಡಿದ್ದೆ. ಏನು ಮಾಡ್ತೀರಾ, ಹೇಗೆ ಮಾಡ್ತೀರಾ ಅಂತ ಒಂದು ಮಾತು ಕೇಳಿರಲಿಲ್ಲ. ಹಾಗಾಗಿ ಕೆಳಗಿನ ಬೈಗುಳದಲ್ಲಿ ಮೊದಲ ಪಾಲು ನನಗೇ ಸೇರಬೇಕು.

ನಮ್ಮಜ್ಜಿಗೂ ಆ ಮರಕ್ಕೂ ಇದ್ದ ಸಂಬಂಧ ಹೇಗಿತ್ತು ಅಂತ ಹೇಳ್ತೀನಿ ಕೇಳಿ. ಸೋಮವಾರ ಅಮಾವಾಸ್ಯೆ ಬಂದರೆ ನೂರೆಂಟು ಪ್ರದಕ್ಷಿಣೆ. ಆದರೆ ಪ್ರದಕ್ಷಿಣೆಗೆ ಮುಂಚೆ ಎರಡು ಬಿಂದಿಗೆ ನೀರು ಬುಡಕ್ಕೆ ಹೋಗಲೇಬೇಕು. ಬೇಸಿಗೆಯಲ್ಲಿ ಅಮಾವಾಸ್ಯೆ ಇರಲಿ ಬಿಡಲಿ, ಬಾವಿಯಿಂದ ಬರುವ ದಾರಿಯಲ್ಲಿ ಒಂದು ಬಿಂದಿಗೆ ಅಲ್ಲಿ ಬಗ್ಗಿಸಿಯೇ ಮನೆಗೆ ಬರೋದು. ಸಂಜೆ ಆದಮೇಲೆ ಹೂ ಕೀಳೋಕೆ ಹೋದರೆ ಕೈ ಮೇಲೆ ಏಟು. "ಮಲಗಿರ್ತವೆ ಕಣೋ, ಎಬ್ಬಿಸಬಾರದು." ಶನಿವಾರ ಬಿಟ್ಟು ಬೇರೆ ದಿನ ಅರಳಿ ಮುಟ್ಟಬಾರದು. ಹಸಿ ಕೊಂಬೆ ಕಡಿಯೋದಂತೂ ಕನಸಲ್ಲೂ ಇಲ್ಲ. ಅಜ್ಜಿಗೆ ಓದು ಬರಹ ಇರಲಿಲ್ಲ. ಅಧ್ಯಾತ್ಮ ಅನ್ನೋ ಪದವನ್ನ ಅವಳ ಬಾಯಲ್ಲಿ ನಾನು ಒಂದು ಸಲವೂ ಕೇಳಿಲ್ಲ.

"ಮಲಗಿರ್ತವೆ" ಅನ್ನೋದು ಬರೀ ಮಕ್ಕಳನ್ನ ಹೆದರಿಸೋ ಮಾತು ಅಂತ ನಗಬೇಡಿ. ನಮ್ಮ ಕಡೆಯ ಹುಣಸೆ ಮರವನ್ನ ಕತ್ತಲಾದ ಮೇಲೆ ಹೋಗಿ ನೋಡಿ, ಎಲೆಗಳೆಲ್ಲ ಜೋಡಿ ಜೋಡಿಯಾಗಿ ಮಡಚಿಕೊಂಡಿರ್ತವೆ. ಗಿಡಗಳು ಪೆಟ್ಟಿಗೆ, ಶಾಖಕ್ಕೆ ವಿದ್ಯುತ್ತಿನ ರೂಪದಲ್ಲಿ ಪ್ರತಿಕ್ರಿಯೆ ತೋರಿಸ್ತವೆ ಅಂತ ಜಗದೀಶಚಂದ್ರ ಬೋಸರು 1901ರಲ್ಲೇ ಲಂಡನ್ನಿನ ವಿಜ್ಞಾನಿಗಳ ಮುಂದೆ ಪ್ರಯೋಗ ಮಾಡಿ ತೋರಿಸಿದ್ದರು. ಅಜ್ಜಿಗೆ ಬೋಸರು ಗೊತ್ತಿರಲಿಲ್ಲ. ಹುಣಸೆ ಮರ ಗೊತ್ತಿತ್ತು.

ಈಗ ಕಟ್ಟೆಗೆ ಬರೋಣ. ಮರದ ಬೇರು ಅಂದರೆ ಪಾತಾಳಕ್ಕೆ ಇಳಿದಿರುತ್ತೆ ಅಂತ ನಾವು ತಿಳಿದಿರ್ತೀವಿ. ದಪ್ಪ ಬೇರುಗಳು ಇಳಿದಿರಬಹುದು. ಆದರೆ ನೀರು, ಸಾರ ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಇರೋದು ಮೇಲಿನ ಒಂದೆರಡು ಅಡಿ ಮಣ್ಣಲ್ಲೇ. ಬೇರೂ ಉಸಿರಾಡುತ್ತೆ, ಅದಕ್ಕೂ ಗಾಳಿ ಬೇಕು. ಮೇಲೆ ಕಾಂಕ್ರೀಟು ಸುರಿದರೆ ಗಾಳಿಯೂ ಇಲ್ಲ, ಮಳೆ ನೀರೂ ಇಲ್ಲ. ಹಳೇ ಮಣ್ಣಿನ ಮೇಲೆ ಇನ್ನೂ ಎರಡಡಿ ಮಣ್ಣು ಏರಿಸಿ ಕಟ್ಟೆ ಎತ್ತರಿಸಿದರೆ ಕಾಂಡದ ಬುಡವೂ ಕೊಳೆಯೋಕೆ ಶುರು. ಮರ ಒಂದೇ ದಿನಕ್ಕೆ ಸಾಯಲ್ಲ. ಮೂರು ನಾಲ್ಕು ವರ್ಷ ತಗೊಂಡು ತುದಿಯಿಂದ ಒಣಗ್ತಾ ಬರುತ್ತೆ. ಅಷ್ಟು ಹೊತ್ತಿಗೆ ಕಟ್ಟೆ ಕಟ್ಟಿದ್ದೇ ಕಾರಣ ಅಂತ ಯಾರಿಗೂ ಹೊಳೆಯಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ತೆಗೀರಿ ಅಂತ ಆದೇಶ ಮಾಡಿದ್ದು ಇದೇ ಕಾರಣಕ್ಕೆ. ರಾಜಧಾನಿಯ ಫುಟ್‌ಪಾತ್ ಮರಕ್ಕೆ ಸಿಕ್ಕ ಒಂದು ಮೀಟರ್ ಮಣ್ಣು ನಮ್ಮೂರ ದೇವರಿಗೆ ಸಿಕ್ಕಿಲ್ಲ!

ಬೇವು ಬೇರೆ ರೋಗ ಬಂದು ಒಣಗಿರಬಹುದು ಅಂತ ಒಬ್ಬರು ಹೇಳಿದರು. ಇರಬಹುದು. ಆದರೆ ರೋಗ ಬಂದ ಮರದ ಬಾಯಿಗೂ ನಾವು ಸಿಮೆಂಟ್ ತುಂಬಿದ್ದು ಸುಳ್ಳಾ?

ಊರ ಹಿರಿಯರ ವಾದ ಹೀಗಿದೆ. "ನಾವು ಕೆಟ್ಟದ್ದಕ್ಕೆ ಮಾಡಿದ್ವಾ? ಭಕ್ತಿಯಿಂದ ಮಾಡಿದ್ದು. ವಿದುರಾಶ್ವತ್ಥದ ಮರವೇ ಬಿದ್ದೋಯ್ತು, ಇದ್ಯಾವ ಲೆಕ್ಕ?"

ವಿದುರಾಶ್ವತ್ಥ ಗೌರಿಬಿದನೂರಿಂದ ಹಿಂದೂಪುರದ ಕಡೆಗೆ, ಉತ್ತರ ಪಿನಾಕಿನಿಯ ದಡದಲ್ಲಿದೆ. ಮಹಾಭಾರತದ ವಿದುರನೇ ನೆಟ್ಟದ್ದು ಅನ್ನೋ ನಂಬಿಕೆ. ಅಲ್ಲಿ ನಾಗರಕಲ್ಲುಗಳು ಎಷ್ಟಿವೆ ಅಂತ ಎಣಿಸೋಕೆ ಆಗಲ್ಲ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಅದೇ ಊರಲ್ಲಿ. ಆ ಹಳೇ ಅಶ್ವತ್ಥ 2001ರಲ್ಲಿ ಉರುಳಿತು, ನಿಜ. ಮರಕ್ಕೂ ಸಾವಿದೆ, ಒಪ್ಪೋಣ. ಆದರೆ ವಯಸ್ಸಾಗಿ ಹೋದ ತಾತನ್ನ ತೋರಿಸಿ, ಗಟ್ಟಿಯಾಗಿರೋ ಅಪ್ಪನಿಗೆ ಅನ್ನ ನೀರು ನಿಲ್ಲಿಸೋದು ಯಾವ ನ್ಯಾಯ? ಇಡೀ ಊರಿಗೆ ಒಂದು ಮರದ ಹೆಸರಿಟ್ಟ ಸೀಮೆಯವರು ನಾವು. ಮರ ಹೋದರೆ ಏನು ಹೋಗುತ್ತೆ ಅಂತ ನಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು?

ಇನ್ನೊಂದು ಕಡೆ ನಮ್ಮ ದೊಡ್ಡಪ್ಪನ ಮಗ, ನನಗಿಂತ ಆರು ವರ್ಷ ದೊಡ್ಡವನು. ಅವನ ವಾದ ಬೇರೆ. "ಕಲ್ಲಿಗೆ ಹಾಲು, ಮರಕ್ಕೆ ಮದುವೆ... ಇದೆಲ್ಲ ಮೂಢನಂಬಿಕೆ ಕಣೋ. ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕಲ್ಲಿ ಇದ್ಕೊಂಡು ನೀನೂ ಹಿಂಗೆ ಮಾತಾಡ್ತೀಯಲ್ಲ."

ಎಚ್ಚೆನ್ ನಮ್ಮ ಗೌರಿಬಿದನೂರು ಸೀಮೆಯ ಹೊಸೂರಿನವರು ಅನ್ನೋ ಹೆಮ್ಮೆ ನನಗೂ ಇದೆ. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಅಂತ ಬದುಕಿಡೀ ಹೇಳಿಕೊಟ್ಟವರು ಅವರು. ಹಾಗಾದರೆ ಅಣ್ಣನಿಗೂ ಒಂದು ಪ್ರಶ್ನೆ ಕೇಳಬೇಕಲ್ಲ? ಊರಿನ ಗುಂಡುತೋಪು ಎಲ್ಲಿ ಹೋಯ್ತು? ಮಾವು, ಹುಣಸೆ, ನೇರಳೆ, ಹೊಂಗೆ ಇದ್ದ ತೋಪು ಅದು. ಒಂದು ಮೂಲೆ ಸೈಟಾಯ್ತು, ಒಂದು ಮೂಲೆಗೆ ಕಟ್ಟಡ ಬಂತು, ಉಳಿದದ್ದು ತಿಪ್ಪೆ. ಅಲ್ಲಿ ನಾಗರಕಲ್ಲಿರಲಿಲ್ಲ, ಮದುವೆ ಆಗಿರಲಿಲ್ಲ, ಯಾರೂ ಸುತ್ತು ಬರ್ತಿರಲಿಲ್ಲ. ಇಡೀ ಊರಲ್ಲಿ ಕೊಡಲಿ ತಾಗದೆ ಉಳಿದ ದೊಡ್ಡ ಮರ ಅಂದರೆ ಅರಳಿಕಟ್ಟೆಯದು ಮಾತ್ರ. ಆ ನಂಬಿಕೆ ಸುಳ್ಳೇ ಇರಬಹುದು ಅಣ್ಣಾ, ಆದರೆ ಅದು ಉಳಿಸಿದ ಮರ ನಿಜ. ಹದ್ದುಬಸ್ತಿನ ಕಲ್ಲು, ಪಹಣಿ, ಸರ್ವೆ ನಂಬರ್ ಎಲ್ಲಾ ಇದ್ದ ತೋಪನ್ನ ನಿನ್ನ ವಿಚಾರವಂತಿಕೆ ಉಳಿಸಿಲ್ಲವಲ್ಲ?

ನಂಬಿಕೆ ತೆಗೆದು ಬರೀ ಲೆಕ್ಕಾಚಾರ ಇಟ್ಟುಕೊಂಡು ಮರ ಬೆಳೆಸಿದರೆ ಏನಾಗುತ್ತೆ ಅಂತಾನೂ ನಾವು ನೋಡಿದ್ದೀವಿ, ನೀಲಗಿರಿಯಲ್ಲಿ. ಟಿಪ್ಪುವಿನ ಕಾಲದಲ್ಲಿ ನೀಲಗಿರಿ ತಂದು ನೆಟ್ಟರು ಅಂತ ಹೇಳೋದು ನಮ್ಮ ಪಕ್ಕದ ನಂದಿಬೆಟ್ಟದಲ್ಲೇ. ಅಲ್ಲಿನ ಮರಗಳ ಬೀಜದಿಂದಲೇ ಮುಂದೆ 'ಮೈಸೂರು ಗಮ್' ಅನ್ನೋ ತಳಿ ಹರಡಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಆಗಿನ ಕೋಲಾರ ಜಿಲ್ಲೆಯ ರಾಗಿ ಹೊಲಗಳಲ್ಲೆಲ್ಲ ಅದೇ. ನೆಟ್ಟು ಮರೆತರೆ ಸಾಕು, ಕೆಲವು ವರ್ಷಕ್ಕೆ ಕಡಿದು ದುಡ್ಡು. 1983ರಲ್ಲಿ ಪಕ್ಕದ ತುಮಕೂರು ಜಿಲ್ಲೆಯ ರೈತರು ಸಿಟ್ಟಿಗೆದ್ದು ನೀಲಗಿರಿ ಸಸಿಗಳನ್ನ ಕಿತ್ತು ಹಾಕಿದ್ದರು. ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿದ್ದು 2017ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿತ್ತು. ನೀರು ಹೋಗಿದ್ದಕ್ಕೆ ನೀಲಗಿರಿ ಒಂದೇ ಕಾರಣ ಅಂತ ನಾನು ಹೇಳಲ್ಲ, ಬೋರ್ ಕೊರೆದವರು ನಾವೇ. ಆದರೆ ಬೇಸಿಗೆ ಅಂತ ಒಂದು ಬಿಂದಿಗೆ ನೀರು ತಂದು ನೀಲಗಿರಿಗೆ ಹಾಕಿದ ಒಬ್ಬ ಅಜ್ಜಿಯನ್ನ ತೋರಿಸಿ ನೋಡೋಣ.

ಮೂರನೇ ಗುಂಪು ಬೆಂಗಳೂರಿನ ನನ್ನ ಸ್ನೇಹಿತರದು. ಇವರಿಗೆ ಗಿಡ ಅಂದರೆ ಬೆಳಿಗ್ಗೆ ಎದ್ದ ಕೂಡಲೇ ಫಾರ್ವರ್ಡ್ ಮಾಡೋ ಮೆಸೇಜು. "ಅಶ್ವತ್ಥ ರಾತ್ರಿಯೂ ಆಮ್ಲಜನಕ ಕೊಡುತ್ತೆ, ನಮ್ಮ ಋಷಿಗಳಿಗೆ ಗೊತ್ತಿತ್ತು!!" ಸ್ವಾಮಿ, ಬೆಳಕಿಲ್ಲದೆ ಆಮ್ಲಜನಕ ಕೊಡುವ ಮರ ಭೂಮಿ ಮೇಲಿಲ್ಲ. ಇನ್ನೊಬ್ಬರದು, ಗಿಡಗಳಿಗೆ ನಮ್ಮ ಮನಸ್ಸಿನ ಯೋಚನೆ ತಿಳಿಯುತ್ತೆ ಅಂತ. ಇದು 1966ರಲ್ಲಿ ಅಮೆರಿಕದ ಬ್ಯಾಕ್‌ಸ್ಟರ್ ಅನ್ನುವವರು ಸುಳ್ಳು ಪತ್ತೆ ಯಂತ್ರವನ್ನ ಎಲೆಗೆ ಕಟ್ಟಿ ಹೇಳಿದ ಕಥೆ. ಬೇರೆ ವಿಜ್ಞಾನಿಗಳು ಅದೇ ಪ್ರಯೋಗ ಎಚ್ಚರಿಕೆಯಿಂದ ಮಾಡಿ 1975ರಲ್ಲಿ ಪ್ರಕಟಿಸಿದಾಗ ಅಂಥದ್ದೇನೂ ಸಿಗಲಿಲ್ಲ. ನನ್ನ ತಕರಾರು ಏನು ಅಂದರೆ, ಈ ಸುಳ್ಳು ಯಾಕೆ ಬೇಕು? ಆ ಮರ ರಾತ್ರಿ ಆಮ್ಲಜನಕ ಕೊಡದಿದ್ದರೆ ಅದಕ್ಕೆ ನೀರು ಹಾಕಲ್ವಾ? ಅರಳಿ ಹಣ್ಣಿಗೆ ಬರೋ ಗೊರವಂಕ, ಕೋಗಿಲೆ, ಬಾವಲಿ ಸಾಲದಾ? ಆ ಹಣ್ಣಿನೊಳಗಿನ ಹೂವಿಗೆ ಪರಾಗ ಮುಟ್ಟಿಸೋಕೆ ಅಂತಲೇ ಇರೋ, ಗುಂಡುಸೂಜಿ ತಲೆಯಷ್ಟೂ ಇಲ್ಲದ ಕಣಜ ಸಾಲದಾ? ನಿಜವೇ ಇಷ್ಟು ದೊಡ್ಡದಿದೆ. ಇಷ್ಟಕ್ಕೂ ಇವರ ಬಾಲ್ಕನಿಯ ತುಳಸಿ ನೀರಿಲ್ಲದೆ ಒಣಗಿರುತ್ತೆ :-)

ನಮ್ಮ ಕಣ್ಣೆದುರು ಒಬ್ಬರು ಇದ್ದರು. ಸಾಲುಮರದ ತಿಮ್ಮಕ್ಕ. ಹುಲಿಕಲ್ಲಿಂದ ಕುದೂರಿನ ದಾರಿಯಲ್ಲಿ ಗಂಡ ಹೆಂಡತಿ ಸೇರಿ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಬೆಳೆಸಿದರು. ಮಕ್ಕಳಿಲ್ಲದ ಅವರಿಗೆ ಅವೇ ಮಕ್ಕಳು. 2019ರಲ್ಲಿ ಪದ್ಮಶ್ರೀ ಕೊಟ್ಟೆವು. ಅದೇ ವರ್ಷ, ನಮ್ಮ ಜಿಲ್ಲೆಯ ಬಾಗೇಪಲ್ಲಿಯಿಂದ ಹಲಗೂರಿಗೆ ಹೋಗೋ ರಸ್ತೆ ಅಗಲ ಮಾಡೋಕೆ ಅವರ ಮರಗಳನ್ನೇ ಕಡಿಯೋ ಮಾತು ಬಂತು! ಆ ವಯಸ್ಸಲ್ಲಿ ಅವರೇ ಮುಖ್ಯಮಂತ್ರಿ ಹತ್ತಿರ ಕೇಳಿಕೊಳ್ಳಬೇಕಾಯ್ತು. 2025ರ ನವೆಂಬರಲ್ಲಿ ತೀರಿಕೊಂಡಾಗ ನಾವೆಲ್ಲ ಅವರ ಫೋಟೋ ಹಾಕಿ ಕೈ ಮುಗಿದೆವು. ನಮಗೆ ಅದು ಸುಲಭವಾಗಿ ಬರುತ್ತೆ. ಕಟ್ಟೆಗೂ ಕೈ ಮುಗೀತೀವಿ, ತಿಮ್ಮಕ್ಕನಿಗೂ ಮುಗೀತೀವಿ. ಬಿಂದಿಗೆ ಎತ್ತು ಅಂದರೆ ಮಾತ್ರ ಸೊಂಟ ನೋವು.

ನಾನು ಹೇಳೋದು ಇಷ್ಟೇ. ಗಿಡದ ಜೊತೆ ಮನುಷ್ಯನಿಗೆ ಸಂಬಂಧ ಇದೆ ಅಂತ ನಾನು ನಂಬ್ತೀನಿ, ಅದನ್ನ ಅಧ್ಯಾತ್ಮ ಅಂತ ಕರೆದರೂ ನನಗೆ ಬೇಜಾರಿಲ್ಲ. ಆದರೆ ಆ ಸಂಬಂಧದಲ್ಲಿ ಮರಕ್ಕೆ ಏನು ಬೇಕು ಅಂತ ಒಂದು ಸಲವಾದರೂ ಕೇಳಬೇಕು. ಅಜ್ಜಿ ಕೇಳಿದ್ದಳು, ಅದಕ್ಕೇ ನೀರು ಹಾಕ್ತಿದ್ದಳು. ನಾವು ನಮಗೆ ಬೇಕಾದ್ದು ಮಾಡಿಕೊಂಡಿದ್ದೀವಿ. ಕಾಲು ತೊಳೆದು ಬಂದರೆ ಮಣ್ಣು ಅಂಟಬಾರದು, ಕೂರೋಕೆ ನುಣುಪಾಗಿರಬೇಕು, ಕಲ್ಲಲ್ಲಿ ಹೆಸರು ಕಾಣಬೇಕು.

ಹೊರಡೋ ದಿನ ಕಟ್ಟೆ ಹತ್ತಿರ ಊರ ಹಿರಿಯರನ್ನ ಕೂರಿಸಿಕೊಂಡು ಕೇಳಿದೆ. ಕಾಂಡದ ಸುತ್ತ ಮೂರು ಮೂರೂವರೆ ಅಡಿ ಟೈಲ್ಸು, ಕಾಂಕ್ರೀಟು ಒಡೆದು ತೆಗೆಯೋಣ, ಏರಿಸಿದ ಮಣ್ಣು ಇಳಿಸೋಣ, ಖರ್ಚು ನಂದು. ಒಬ್ಬರು "ದೇವರ ಕಟ್ಟೆ ಮೇಲೆ ಸುತ್ತಿಗೆ ಎತ್ತಬಾರದು, ಒಳ್ಳೇದಾಗಲ್ಲ" ಅಂದರು. ಕೊಂಬೆ ಕಡಿದಾಗ ಎಲ್ಲಿತ್ತು ಈ ಭಯ ಅಂತ ನಾಲಗೆ ತುದಿಗೆ ಬಂದಿತ್ತು, ಹಿರಿಯರು ಅಂತ ಸುಮ್ಮನಾದೆ. ಚಿಕ್ಕಪ್ಪ ಬಹಳ ಹೊತ್ತು ಬೋಳು ಕೊಂಬೆಯನ್ನೇ ನೋಡುತ್ತಿದ್ದು, "ಅಮ್ಮ ಇದ್ದಿದ್ರೆ ಈ ಸಿಮೆಂಟ್ ಹಾಕೋಕೇ ಬಿಡ್ತಿರಲಿಲ್ಲ" ಅಂದರು. ಆಮೇಲೆ ಯಾರೂ ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ.

ಬರೋ ಭಾನುವಾರ ಹಾರೆ, ಸುತ್ತಿಗೆ ತಗೊಂಡು ಹೋಗ್ತಿದ್ದೀನಿ. ಅಣ್ಣನೂ ಬರ್ತೀನಿ ಅಂದಿದ್ದಾನೆ, ದೇವರಿಗಲ್ಲ, ಮರಕ್ಕೆ ಅಂತ. ಆಗಬಹುದು. ಮರ ಉಳಿಯುತ್ತೋ ಇಲ್ಲವೋ ಮಳೆಗಾಲ ಕಳೆದ ಮೇಲೆ ಗೊತ್ತಾಗುತ್ತೆ.

ನಿಮ್ಮೂರಲ್ಲೂ ಒಂದು ಅರಳಿಕಟ್ಟೆ ಇದ್ದೇ ಇರುತ್ತೆ. ಮುಂದಿನ ಸಲ ಹೋದಾಗ ಪ್ರದಕ್ಷಿಣೆ ಹಾಕೋ ಮುಂಚೆ ಒಂದು ಸಲ ಬುಡ ನೋಡಿ. ಮಣ್ಣು ಕಾಣಿಸದಿದ್ದರೆ ದಾನಿಗಳ ಪಟ್ಟಿಯನ್ನೂ ಓದಿ. ನಿಮ್ಮ ಹೆಸರೂ ಇರಬಹುದು.