ಮಿಕ್ಸರ್‌ಗೊಂದು ಮೀಟರ್ ಕೇಳ್ತೀರೇನ್ರಿ?

ಮನಿಗೆ ಹೊಸ ಮಿಕ್ಸರ್ ತಂದ್ರಿ ಅಂತ ಇಟ್ಕೊಳ್ರಿ. ಅದಕ್ಕಂತ ಗೋಡೆ ಒಡೆದು ಬೇರೆ ವೈರ್ ಎಳಸ್ತೀರೇನು? ಇಲ್ಲೇ ನವನಗರದ ಹೆಸ್ಕಾಂ ಕಚೇರಿಗೆ ಹೋಗಿ ಇನ್ನೊಂದು ಮೀಟರ್ ಕೇಳ್ತೀರೇನು? ಯಾವ ಕಂಪನಿಯದೇ ಇರಲಿ, ಪಿನ್ನು ಸಾಕೆಟ್ಟಿನಲ್ಲಿ ಕೂತರೆ ಮುಗೀತು. ಇಷ್ಟು ಸಾದಾ ಮಾತು ಬಸ್ಸಿನ ವಿಷಯಕ್ಕೆ ಬಂದಕೂಡಲೇ ಯಾಕೆ ಮರೆತುಹೋಗುತ್ತದೆ?

ಬಸ್ಸಿನೊಳಗೆ ಈಗ ಏನೇನಿಲ್ಲ! ಜಿಪಿಎಸ್, ಎಲ್‌ಇಡಿ ಬೋರ್ಡು, ನಿಲ್ದಾಣದ ಹೆಸರು ಕೂಗುವ ಸ್ಪೀಕರ್, ಕ್ಯಾಮೆರಾ, ತುರ್ತು ಗುಂಡಿ, ಟಿಕೆಟ್ ಯಂತ್ರ. ಒಬ್ಬೊಬ್ಬ ಗುತ್ತಿಗೆದಾರ ತನ್ನ ಪೆಟ್ಟಿಗೆ, ತನ್ನ ವೈರು, ತನ್ನ ಆಂಟೆನಾ ಕೂರಿಸಿಹೋದರೆ, ಬಸ್ ಎಲ್ಲಿದೆ ಎಂದು ಮೂರು ಪೆಟ್ಟಿಗೆ ಮೂರು ಲೆಕ್ಕ ಹಾಕುತ್ತವೆ. ಗಾಡಿ ನವನಗರ ದಾಟಿರುತ್ತದೆ, ಸ್ಪೀಕರಿನ ದನಿ ಇನ್ನೂ ಭೈರಿದೇವರಕೊಪ್ಪದಲ್ಲೇ ಇರುತ್ತದೆ. ಕಣ್ಣಿದ್ದವರು ಕಿಟಕಿಯಲ್ಲಿ ನೋಡಿ ಇಳೀತಾರೆ. ಕಣ್ಣು ಕಾಣದವರು ಏನು ಮಾಡಬೇಕು?

ಪರಿಹಾರ ಹೊಸದೇನಲ್ಲ. 1986ರಲ್ಲೇ ಬಾಷ್ ಕಂಪನಿ ಕ್ಯಾನ್ ಎಂಬ ವ್ಯವಸ್ಥೆ ಮುಂದಿಟ್ಟಿತು. ಹೆಣೆದ ಎರಡೇ ತಂತಿ. ಎಲ್ಲ ಯಂತ್ರಗಳೂ ಅದರ ಮೇಲೇ ಮಾತಾಡಬೇಕು, ಮುಖ್ಯ ಸುದ್ದಿಗೆ ಮೊದಲ ಪಾಳಿ. ಲಾರಿ, ಬಸ್ಸುಗಳ ಎಂಜಿನ್ನಿಗೆ ಇದರ ಮೇಲೆ ಕಟ್ಟಿದ ಜೆ1939 ಎಂಬ ಒಪ್ಪಿತ ಭಾಷೆಯೇ ಇದೆ. ಯುರೋಪಿನವರು ಐಟಿಎಕ್ಸ್‌ಪಿಟಿ ಎಂಬ ಹೆಸರಿನಲ್ಲಿ ಟಿಕೆಟ್, ಬೋರ್ಡು, ಜಿಪಿಎಸ್ಸುಗಳನ್ನೂ ಒಂದೇ ಜಾಲಕ್ಕೆ ತರಲು ನಿಯಮ ಬರೆದುಕೊಂಡಿದ್ದಾರೆ. ನಮ್ಮಲ್ಲೂ ಎಐಎಸ್-140 ಐತಲ್ಲ ಅಂತೀರಿ. ಐತ್ರಿ. ಆದರೆ ಅದು ಕಡ್ಡಾಯ ಮಾಡಿದ್ದು ಗಾಡಿಯ ಜಾಡು ಹಿಡಿಯುವ ಸಾಧನ ಮತ್ತು ತುರ್ತು ಗುಂಡಿ. ಬೋರ್ಡು, ಸ್ಪೀಕರ್ ತಮ್ಮೊಳಗೆ ಹೆಂಗ ಮಾತಾಡಬೇಕು ಅನ್ನೋ ತಲಿಬ್ಯಾನಿ ಅದರದಲ್ಲ.

‘ಬಸ್ಸೇ ಸಾಲವಲ್ಲವು, ನಿಂದೇನಪಾ ವೈರಿನ ಚಿಂತಿ’ ಅನ್ನೋರಿಗೂ ಒಂದು ಮಾತು. ರೊಕ್ಕ ಕಡಿಮೆ ಇರೋದಕ್ಕೇ ಈ ಚಿಂತಿ. ಗುತ್ತಿಗೆ ಮುಗಿದಮೇಲೆ ಗುತ್ತಿಗೆದಾರ ಹೋಗ್ತಾನೆ, ಅವನಿಗೊಬ್ಬನಿಗೇ ತಿಳಿಯುವ ಪೆಟ್ಟಿಗೆ ಉಳೀತದೆ. ಮುಂದಿನವನು ಬಂದು ಅದನ್ನು ಕಿತ್ತು, ಛಾವಣಿಗೆ ಮತ್ತೊಂದು ತೂತು ಕೊರೆದು, ಮತ್ತೊಂದು ಬಿಲ್ಲು ಹಚ್ಚುತ್ತಾನೆ. ಆ ಬಿಲ್ಲು ಯಾರ ರೊಕ್ಕದ್ದು?

ಚಿಗರಿ ಓಡತೊಡಗಿದ್ದು 2018ರಲ್ಲಿ. ಇವತ್ತಲ್ಲ ನಾಳೆ ಅದರ ಜಾಗಕ್ಕೆ ಹೊಸ ಗಾಡಿ ಬರಲೇಬೇಕು. ಆ ಟೆಂಡರಿನಲ್ಲೇ ಬರೀರಿ: ಬಸ್ಸಿನೊಳಗಿನ ಜಾಲ ಸಾರಿಗೆ ಸಂಸ್ಥೆಯ ಸ್ವತ್ತು, ವೈರಿಂಗ್ ನಕ್ಷೆಯೂ ಸಂದೇಶಗಳ ಪಟ್ಟಿಯೂ ಡಿಪೋದಲ್ಲಿರಬೇಕು, ಜಾಲಕ್ಕೆ ಹೊಂದದ ಪೆಟ್ಟಿಗೆಗೆ ಬಿಲ್ಲಿಲ್ಲ. ಆಮೇಲೆ ಬೋರ್ಡು ಕೆಟ್ಟರೆ ಕಂಪನಿ ಹುಡುಗ ಬೆಂಗಳೂರಿಂದ ಬರೋತನಕ ಗಾಡಿ ನಿಲ್ಲಿಸಬೇಕಿಲ್ಲ, ಡಿಪೋದ ಎಲೆಕ್ಟ್ರಿಷಿಯನ್ನೇ ಹಳೇದು ಬಿಚ್ಚಿ ಬ್ಯಾರೆ ಕಂಪನಿಯದು ಕೂರಿಸ್ತಾನ.